ಚಿತ್ರದ ಎಲೆಯೂ ತಾಯಿಯ ಅಳಲೂ

ಪುಣೆಯಿಂದ ದಿವೆ ಘಾಟನ್ನೇರಿ ಜೇಜುರಿಯ ಖಂಡೋಬನ, ಅಂದರೆ ಕನ್ನಡಿಗರ ಮೈಲಾರಲಿಂಗನ, ದರ್ಶನಕ್ಕೆ ಹೊರಟವರು ನಡುವೆ ಸಾಸವಡದಲ್ಲಿ ಚಹಕ್ಕೆಂದು ಇಳಿಯುವುದುಂಟು. ಕರ್ಹಾ ನದಿಯ ದಡದ ಈ ಊರು ಸೋಪಾನದೇವರ ಸಮಾಧಿಗೂ ಸುತ್ತಲಿನ ಅಂಜೂರ, ಸೀತಾಫಲದ ತೋಟಗಳಿಗೂ ಹೆಸರಾದುದು. ಇಲ್ಲಿ ನೆಲೆಸಿದ ಒಂದು ಕನ್ನಡ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಒಬ್ಬಳೇ ಮಗಳು ಮದುವೆಯಾಗಿ ಕಡಲಾಚೆಗೆ ಹೋಗಿದ್ದಾಳೆ. ಗೌರಿ ಹಬ್ಬ ಸಮೀಪಿಸಿದೆ. ತಾಯಿಗೆ ನಿದ್ರೆಯಿಲ್ಲ, ಊಟ ಸೇರದು. 'ವಯಸ್ಸಾಯಿತಲ್ಲ' ಎಂದು ಯಜಮಾನರು ಸುಮ್ಮನಾಗಿದ್ದಾರೆ. ನೆರೆಮನೆಯ ಮರಾಠಿ ಹುಡುಗಿ, "ಕಾಕೂ, ಒಂದು ಎಲೆ ತೆಗೆಯಿರಿ" ಎಂದು ಟ್ಯಾರೋ ಎಲೆಗಳ ಕಟ್ಟನ್ನು ಮುಂದಿಡುತ್ತಾಳೆ. ಬಂದ ಎಲೆಯಲ್ಲಿ, ಬೆಳೆದು ನಿಂತ ಪೈರಿನ ನಡುವೆ ಒಬ್ಬ ದೇವಿ.

ಜಾತ್ರೆಗಳಲ್ಲಿ ಗಿಳಿಶಾಸ್ತ್ರದವನ ಪಂಜರವನ್ನು ಕಂಡವರಿಗೆ ಇದು ಹೊಸತೆನಿಸದು. ಅಲ್ಲಿ ಗಿಳಿ ಆರಿಸುತ್ತದೆ, ಇಲ್ಲಿ ಕೇಳುವವರೇ ಆರಿಸುತ್ತಾರೆ, ವ್ಯತ್ಯಾಸ ಅಷ್ಟೆ. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22 ಪ್ರಧಾನ ಚಿತ್ರಗಳು. ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದಾಗ ಇವು ಕೇವಲ ಆಟದ ಎಲೆಗಳಾಗಿದ್ದವು. ಭವಿಷ್ಯ ನುಡಿಯುವ ಕೆಲಸ ಇವಕ್ಕೆ ಅಂಟಿಕೊಂಡು ಪ್ರಸಿದ್ಧಿ ಪಡೆದುದು ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. ಪ್ರಾಚೀನ ಈಜಿಪ್ಟಿನ ಗೂಢವಿದ್ಯೆ ಎಂಬ ಮಾತು ಆಗಿನ ಊಹೆಯೇ ಹೊರತು ಅದಕ್ಕೆ ಆಧಾರವಿಲ್ಲ. 1986ರಲ್ಲಿ ಲಿಜ್ ಗ್ರೀನ್ ಮತ್ತು ಜೂಲಿಯೆಟ್ ಶಾರ್ಮನ್-ಬರ್ಕ್ ಎಂಬ ಇಬ್ಬರು ಲೇಖಕಿಯರು ಈ ಎಲೆಗಳಿಗೆ ಗ್ರೀಕ್ ಪುರಾಣದ ಪಾತ್ರಗಳನ್ನು ಹೊಂದಿಸಿದರು. ಅದರಲ್ಲಿ ಮೇಲೆ ಹೇಳಿದ ದೇವಿಯೇ ಧಾನ್ಯಗಳ ಒಡತಿ ಡಿಮೀಟರ್.

ಡಿಮೀಟರಳ ಕಥೆ ಕೇಳತಕ್ಕದ್ದು. ಹೂ ಕೊಯ್ಯುತ್ತಿದ್ದ ಅವಳ ಮಗಳು ಪರ್ಸೆಫೊನಿಯನ್ನು ಪಾತಾಳದ ಅರಸ ಹೇಡಿಸ್ ಹೊತ್ತೊಯ್ದನು. ತಂದೆ ಸ್ಯೂಸನು ಒಪ್ಪಿಗೆಯಿತ್ತಿದ್ದನು. ತಾಯಿಗೆ ಮಾತ್ರ ಯಾರೂ ಹೇಳಿರಲಿಲ್ಲ. ತಾಯಿ ಅನ್ನ ನೀರು ಬಿಟ್ಟು ಊರೂರು ಅಲೆದಳು, ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಊರಿನ ಬಾವಿಯ ಬಳಿ ಕುಳಿತಳು, ಪರರ ಮಗುವನ್ನು ಸಾಕಿದಳು. ಭೂಮಿ ಬಂಜೆಯಾಯಿತು. ಕಡೆಗೆ ದೇವತೆಗಳು ಮಣಿದು ಮಗಳನ್ನು ಕರೆಸಿದರು. ಆದರೆ ಅವಳು ಅಲ್ಲಿಯ ದಾಳಿಂಬೆಯ ಬೀಜವನ್ನು ತಿಂದಿದ್ದಳು. ಆದುದರಿಂದ ಪ್ರತಿ ವರ್ಷವೂ ಕೆಲಕಾಲ ಅತ್ತ ಹೋಗಲೇಬೇಕಾಯಿತು. ಬಂದು ಹೋಗುವ ಮಗಳ ಈ ಕಥೆ ನಮಗೆ ದೂರದ್ದೇನಲ್ಲ. ಭಾದ್ರಪದ ತದಿಗೆಯಂದು ತವರಿಗೆ ಬರುವ ಗೌರಿಗೆ ಬಾಗಿನವಿತ್ತು, ಹೊರಡುವಾಗ ಬುತ್ತಿ ಕಟ್ಟುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮರಾಠಿ ಮನೆಗಳಲ್ಲಿಯೂ ಕೆಲವು ದಿನಗಳ ಅನಂತರ ಗೌರಿ ಬಂದು ಮೂರನೆಯ ದಿನ ಹೊರಡುತ್ತಾಳೆ. ಆಕೆಯನ್ನು ಬೀಳ್ಕೊಡುವಾಗ ಹಿರಿಯ ಹೆಂಗಸರ ಕಣ್ಣು ಒದ್ದೆಯಾಗುವುದು ದೇವಿಗಾಗಿ ಮಾತ್ರವೆಂದು ಯಾರು ಹೇಳಿಯಾರು?

ಸಾಸವಡದ ತಾಯಿ ಎಲೆಯನ್ನು ನೋಡಿ ಅತ್ತರೆ ಅದು ಎಲೆಯ ಮಹಿಮೆಯಲ್ಲ. ಹೇಳಲಾರದೆ ಒಳಗೆ ಅದುಮಿಟ್ಟ ದುಃಖಕ್ಕೆ ಒಂದು ಆಕಾರ ದೊರೆಯಿತು. ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗ್ (1875-1961), ದೇಶದೇಶಗಳ ಪುರಾಣಗಳಲ್ಲಿ ಮರಳಿ ಮರಳಿ ತೋರುವ ತಾಯಿ, ವೃದ್ಧ ಜ್ಞಾನಿ ಮುಂತಾದ ರೂಪಗಳು ಮಾನವರೆಲ್ಲರ ಅಚೇತನ ಮನಸ್ಸಿನಲ್ಲಿ ಹುದುಗಿವೆಯೆಂದು ಪ್ರತಿಪಾದಿಸಿದನು. ಈ ವಾದ ಪ್ರಯೋಗದಿಂದ ಸಿದ್ಧವಾದುದಲ್ಲ. ಆದರೂ ಕಥೆಯ ಕನ್ನಡಿಯಲ್ಲಿ ತನ್ನ ಮುಖ ಕಾಣುವುದು ಎಲ್ಲರ ಅನುಭವ.

ಕನ್ನಡಿಯು ತೀರ್ಪು ಕೊಡಲು ತೊಡಗಿದಾಗ ಮಾತ್ರ ತೊಂದರೆ. 1948ರಲ್ಲಿ ಅಮೆರಿಕದ ಬರ್ಟ್ರಂಡ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ 'ನಿಮ್ಮ ಸ್ವಭಾವ'ವೆಂದು ಒಂದು ಬರಹವನ್ನು ಕೊಟ್ಟನು. ಅವರು ಅದಕ್ಕೆ ಐದರಲ್ಲಿ ಸರಾಸರಿ ನಾಲ್ಕಕ್ಕೂ ಮಿಕ್ಕಿ ಅಂಕ ನೀಡಿದರು. ಬರಹ ಎಲ್ಲರಿಗೂ ಒಂದೇ ಆಗಿತ್ತು! ಯಾವ ಖಾತೆಗೆ ಬರೆದರೂ ತಾಳೆಯಾಗುವ ಜಮೆಯನ್ನು ಯಾವ ಲೆಕ್ಕಿಗನೂ ನಂಬಲಾರನು. 'ಮಗಳು ಬೇಗ ಬರುತ್ತಾಳೆ' ಎಂಬ ಎಲೆಯ ಭರವಸೆಯೂ ಅಂತಹುದೇ. ಮಗಳು ಬರಲಿಲ್ಲವೆಂದರೆ ಮತ್ತೊಂದು ಎಲೆ, ಮತ್ತೊಂದು ಶುಲ್ಕ. ಈ ನಡುವೆ ಕಳೆಯುವ ತಿಂಗಳುಗಳೇ ನಿಜವಾದ ನಷ್ಟ.

ಅಗಲಿಕೆಯ ದುಃಖ ಸಹಜ. ಆದರೆ ಎರಡು ವಾರಕ್ಕೂ ಮೇಲ್ಪಟ್ಟು ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಜೊತೆಗೆ ನಿದ್ರೆ ಹಸಿವುಗಳು ಕೆಡುವುದು ಕಂಡುಬಂದರೆ ಅದು ಖಿನ್ನತೆಯ ಕಾಯಿಲೆಯಾಗಿರಬಹುದು. ಥೈರಾಯ್ಡ್ ದೋಷದಿಂದಲೂ ಇಂತಹ ಲಕ್ಷಣಗಳು ತೋರಬಹುದಾದ್ದರಿಂದ ವೈದ್ಯರ ಪರೀಕ್ಷೆ ಅವಶ್ಯಕ. ಮಾತಿನ ಚಿಕಿತ್ಸೆಯೂ ಔಷಧಿಯೂ ಇದಕ್ಕೆ ಉಂಟು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ತಡೆಯಬಾರದು, ಒಬ್ಬರನ್ನೇ ಬಿಡಲೂ ಬಾರದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು; ಕನ್ನಡದಲ್ಲಿಯೂ ಮಾತನಾಡಬಹುದು. ವೈದ್ಯರ ಮುಂದೆ ಕುಳಿತಾಗ ಮಾತು ಹೊರಡದಿದ್ದರೆ, ಆ ತಾಯಿ ಡಿಮೀಟರಳ ಕಥೆಯಿಂದಲೇ ಆರಂಭಿಸಲಿ, ಇಲ್ಲವೇ ಗೌರಿಯ ಬುತ್ತಿಯಿಂದ.