ಮ್ಯೂಟ್ ಮಾಡಿದರೆ ದೆವ್ವ ಎಲ್ಲಿ ಹೋಗುತ್ತೆ?

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮನ್ನು ಅತಿ ಹೆಚ್ಚು ಹೆದರಿಸಿದ ಸಿನಿಮಾದ ಆ ಒಂದು ಸೀನ್ ಹಾಕಿ, ಟಿವಿ ಮ್ಯೂಟ್ ಮಾಡಿ. ಮುಕ್ಕಾಲು ಪಾಲು ಭಯ ಅಲ್ಲೇ ಇಳಿದುಹೋಗುತ್ತೆ. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಕಲಾವಿದರೊಬ್ಬರು ಬಾಗಿಲ ಹಿಂದೆ ನಿಂತಿದ್ದಾರೆ, ಅಷ್ಟೇ!

ಸಿನಿಮಾ ‘ನೋಡಿ’ ಹೆದರಿದೆ ಅಂತೀವಿ. ಆದರೆ ಮೊದಲು ಹೆದರೋದು ಕಿವಿ. 1960ರ ‘ಸೈಕೋ’ ತಗೊಳ್ಳಿ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ. ಬರೀ ತಂತಿವಾದ್ಯಗಳಲ್ಲಿ ಆ ಚೀರಾಟವನ್ನು ತಂದರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಅಂದಹಾಗೆ, ಅಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನ ಚಿತ್ರ, ಹಾಗಾಗಿ ನಡೆದುಹೋಯಿತು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ‘ಇಂಟರಪ್ಟ್’ ಅಂತ ಒಂದಿದೆ. ಅದು ಬಂತೆಂದರೆ ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು ಅದನ್ನೇ ಮೊದಲು ನೋಡಬೇಕು. ಹಠಾತ್ ಸದ್ದೂ ಹಾಗೇ. ಮೈ ಮೊದಲು ಬೆಚ್ಚಿಬೀಳುತ್ತೆ. ಮಿದುಳಿನೊಳಗಿನ ಅಮಿಗ್ಡಲಾ ಅಲಾರ್ಮ್ ಒತ್ತುತ್ತೆ, ಅಡ್ರಿನಲಿನ್ ಹರಿಯುತ್ತೆ, ಎದೆ ಹೊಡೆದುಕೊಳ್ಳುತ್ತೆ. ‘ಅಯ್ಯೋ, ಇದು ಸಿನಿಮಾ ಅಲ್ವಾ’ ಅಂತ ಬುದ್ಧಿ ನೆನಪಿಸುವಷ್ಟರಲ್ಲಿ ಪಾಪ್‌ಕಾರ್ನ್ ನೆಲದ ಮೇಲಿರುತ್ತೆ. ಥಿಯೇಟರಿನಲ್ಲಿ ಕಿರುಚಿದವರೇ ಮರುಕ್ಷಣ ನಗೋದು ಅದಕ್ಕೇ. ಅಪಾಯ ಇಲ್ಲ ಅಂತ ಗೊತ್ತಾದರೂ ಮೈಯಲ್ಲಿ ಎದ್ದ ಉದ್ವೇಗ ಇನ್ನೂ ಇಳಿದಿರಲ್ಲ.

ಇದು ಬೆಚ್ಚುವ ಮಾತಾಯ್ತು. ಮನೆವರೆಗೂ ಹಿಂಬಾಲಿಸುವ ಭಯ ಬೇರೆ. ಪವನ್ ಕುಮಾರ್ ಅವರ ‘ಯೂ ಟರ್ನ್’ 2016ರಲ್ಲಿ ಬಂತು. ಕಥೆ ನಡೆಯೋದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ. ಡಿವೈಡರ್ ಕಲ್ಲು ಸರಿಸಿ ಯೂ ಟರ್ನ್ ಹೊಡೆಯೋರ ಕಥೆ. ಪಾಳುಬಂಗಲೆಯಾದರೆ ನಮಗೂ ಅದಕ್ಕೂ ಸಂಬಂಧವಿಲ್ಲ ಅನ್ನಬಹುದು. ಇದು ದಿನಾ ಓಡಾಡೋ ದಾರಿ. ಈಗಲೂ ಆ ಫ್ಲೈಓವರ್ ಹತ್ತಿದರೆ ನನ್ನ ಕಣ್ಣು ಕಲ್ಲುಗಳ ಕಡೆಗೇ ಹೋಗುತ್ತೆ.

ಒಂದೇ ದೃಶ್ಯ ಎಲ್ಲರಿಗೂ ಒಂದೇ ಥರ ತಟ್ಟೋದೂ ಇಲ್ಲ. ‘ಆಪ್ತಮಿತ್ರ’ ತೆರೆಗೆ ಬಂದಿದ್ದು 2004ರ ಆಗಸ್ಟ್‌ನಲ್ಲಿ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಅದೇ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಆ ಕೆಂಪುಗಣ್ಣು ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ನಮ್ಮಮ್ಮ ಹೆದರೋದೇ ಇಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಳ್ತಾರೆ.

ಇಷ್ಟೆಲ್ಲಾ ಹೇಳೋಕೆ ಕಾರಣ ಇದೆ. ಸಿನಿಮಾಗೆ ಟಿಕೆಟ್ ತಗೊಂಡು, ಹೆದರೋಕೆ ಅಂತಲೇ ಹೋಗ್ತೀವಿ. ಬೇಕಾದರೆ ‘ಎ’ ಸರ್ಟಿಫಿಕೇಟ್ ಇರುತ್ತೆ. ಎರಡೂವರೆ ಗಂಟೆ ಆದ ಮೇಲೆ ದೀಪ ಹತ್ತುತ್ತೆ. ಅದೇ ತಂತಿವಾದ್ಯದ ಚೀರಾಟವನ್ನು, ಅದೇ ಧಡಾರ್ ಸದ್ದನ್ನು ರಾತ್ರಿಯ ಕ್ರೈಮ್ ಕಾರ್ಯಕ್ರಮಗಳು ನಿಜವಾದ ಸಾವಿಗೆ ಹಚ್ಚುತ್ತವೆ. ಊಟಕ್ಕೆ ಕೂತ ಮಕ್ಕಳು ನೋಡ್ತಾರೆ. ಸತ್ತವರ ಮನೆಯವರೂ ನೋಡ್ತಿರ್ತಾರೆ, ಅವರ ಪಾಲಿಗೆ ದೀಪ ಹತ್ತುವ ಹೊತ್ತೇ ಇಲ್ಲ. ಕೊಲೆ ಸುದ್ದಿಗೆ ಹಿನ್ನೆಲೆ ಸಂಗೀತ ಯಾಕೆ ಬೇಕು ಅಂತ ನಾನು ಮೀಟಿಂಗಿನಲ್ಲಿ ಕೇಳ್ತಾನೇ ಇರ್ತೀನಿ. ‘ಸಂಗೀತ ಇಲ್ಲದಿದ್ದರೆ ಜನ ಚಾನೆಲ್ ಬದಲಿಸ್ತಾರೆ ಸಾರ್’ ಅಂತಾರೆ. ಈ ಜಗಳ ಇನ್ನೂ ಮುಗಿದಿಲ್ಲ.