ಗೊಬ್ಬರದ ನೈಟ್ರಸ್ ಆಕ್ಸೈಡು: ದೇಶದೇಶಗಳ ಗಣನೆಯಲ್ಲಿ ಪರಿಭಾಷೆಯ ವಿಚಾರ

ಪರಿಭಾಷೆಯನ್ನರಿಯದೆ ಸೂತ್ರಾರ್ಥವನ್ನು ನಿರ್ಣಯಿಸಲಾಗದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ವ್ಯಾಕರಣಕ್ಕೆ ಸಲ್ಲುವ ಈ ಮಾತು ಪಶುಗಳ ಗೊಬ್ಬರದಿಂದೇಳುವ ನೈಟ್ರಸ್ ಆಕ್ಸೈಡಿನ ಲೆಕ್ಕಕ್ಕೂ ಸಲ್ಲುವುದು. ವೈದ್ಯರು ನಗೆಯನಿಲವೆಂದು ಕರೆಯುವ ಈ ವಾಯುವು, ನೂರು ವರ್ಷಗಳ ಅವಧಿಯಲ್ಲಿ, ತೂಕಕ್ಕೆ ತೂಕ ಇಂಗಾಲಾಮ್ಲವಾಯುವಿಗಿಂತ ೨೭೩ ಮಡಿ ಹೆಚ್ಚಾಗಿ ಭೂಮಿಯನ್ನು ಕಾಯಿಸತಕ್ಕದ್ದೆಂದು ಅಂತರಸರಕಾರೀ ಹವಾಮಾನ ಮಂಡಲಿಯು ೨೦೨೧ರಲ್ಲಿ ನಿರ್ಣಯಿಸಿತು. ಆದುದರಿಂದ ಯಾವ ದೇಶದ ಪಾಲೆಷ್ಟೆಂಬ ಪ್ರಶ್ನೆ ಲಘುವಾದುದಲ್ಲ.

ವಾಯುವು ಹುಟ್ಟುವ ಬಗೆಯನ್ನು ಮೊದಲು ನೋಡತಕ್ಕದ್ದು. ಗಂಜಲದ ಯೂರಿಯವು ಅಮೋನಿಯವಾಗಿ ಮಾರ್ಪಟ್ಟು, ಗಾಳಿಯಾಡುವೆಡೆಯಲ್ಲಿ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗುವುದು. ಆ ನೈಟ್ರೇಟು ಗಾಳಿಯಿಲ್ಲದೆಡೆಗೆ ಇಳಿದರೆ ಬೇರೆ ಜೀವಿಗಳು ಅದನ್ನೊಡೆದು ಬರಿಯ ಸಾರಜನಕವನ್ನಾಗಿಸುವುವು. ಈ ಎರಡು ಹಾದಿಗಳಲ್ಲಿ ನಡುವೆ ಸೋರಿಹೋಗುವ ಅಂಶವೇ ನೈಟ್ರಸ್ ಆಕ್ಸೈಡು. ಹೊರಮೈಗೆ ಗಾಳಿಯೂ ಒಡಲಿನಲ್ಲಿ ತೇವವೂ ಇರುವ ತಿಪ್ಪೆಯು ಇದಕ್ಕೆ ತಕ್ಕ ನೆಲೆ. ಗಾಳಿ ಹೊಗದ ಆಳವಾದ ಗೊಬ್ಬರದ ಹೊಂಡಕ್ಕೆ ಮಂಡಲಿಯ ೨೦೦೬ರ ಮಾರ್ಗದರ್ಶಿಯು ನೇರವಾದ ಸೋರಿಕೆಯನ್ನು ಸೊನ್ನೆಯೆಂದೇ ವಿಧಿಸಿದೆ. ಆದರೆ ಅದೇ ಹೊಂಡದಿಂದ ಮೀಥೇನು ಹೇರಳವಾಗಿ ಏಳುವುದರಿಂದ ಅದನ್ನು ಹೊಗಳಲು ಅವಸರಪಡಬೇಕಾದುದಿಲ್ಲ.

ಇನ್ನು ಪರಿಭಾಷೆ. ರಾಷ್ಟ್ರಗಳ ಲೆಕ್ಕಪತ್ರಗಳಲ್ಲಿ ‘ಗೊಬ್ಬರದ ನಿರ್ವಹಣೆ’ಯೆಂದರೆ ಕೂಡಿಟ್ಟ ಗೊಬ್ಬರ ಮಾತ್ರ. ಮೇಯುವ ದನವು ಹುಲ್ಲುಗಾವಲಿನಲ್ಲಿಯೇ ಬಿಟ್ಟ ಸಗಣಿಗಂಜಲಗಳು ‘ಕೃಷಿಭೂಮಿ’ಯ ಬಾಬಿಗೆ ಸೇರುವುವು, ಬೆರಣಿಯಾಗಿ ಉರಿದ ಸಗಣಿಯ ಹೊಗೆಯು ‘ಇಂಧನ’ದ ಬಾಬಿಗೆ. ನ್ಯೂಜಿಲೆಂಡಿನ ದನಗಳು ಬಹುಮಟ್ಟಿಗೆ ವರ್ಷವಿಡೀ ಬಯಲಿನಲ್ಲಿ ಮೇಯುವುದರಿಂದ ಆ ದೇಶದ ಮೊದಲ ಬಾಬು ಕಿರಿದಾಗಿಯೂ ಎರಡನೆಯದು ಹಿರಿದಾಗಿಯೂ ಕಾಣುವುದು. ಕೊಟ್ಟಿಗೆಯ ನೆಲದಡಿ ದ್ರವಗೊಬ್ಬರವನ್ನು ಕೂಡಿಡುವ ನೆದರ್ಲೆಂಡ್ಸಿನದು ಮೊದಲ ಬಾಬಿನಲ್ಲಿಯೇ ಎದ್ದು ತೋರುವುದು. ಭಾರತದ ಸಗಣಿಯೋ ಮೂರರಲ್ಲಿಯೂ ಹಂಚಿಹೋಗಿದೆ. ಮೊದಲ ಬಾಬೊಂದನ್ನೇ ಹಿಡಿದು ಈ ಮೂರು ದೇಶಗಳನ್ನು ತೂಗುವವನ ಲಕ್ಷಣವು ಲಕ್ಷ್ಯದ ಬಹುಭಾಗವನ್ನು ಮುಟ್ಟುವುದೇ ಇಲ್ಲ. ತಾರ್ಕಿಕರು ಅವ್ಯಾಪ್ತಿಯೆನ್ನುವುದು ಇದನ್ನೇ.

ಗುಣಾಂಕದ ತೊಡಕು ಇನ್ನೂ ಗಹನವಾದುದು. ದನವು ಹುಲ್ಲುಗಾವಲಿನಲ್ಲಿ ಬಿಟ್ಟ ಸಾರಜನಕದಲ್ಲಿ ನೂರಕ್ಕೆ ೨ ಪಾಲು ಈ ವಾಯುವಾಗುವುದೆಂದು ೨೦೦೬ರ ಮಾರ್ಗದರ್ಶಿಯು ಹೇಳಿದರೆ, ೨೦೧೯ರ ಪರಿಷ್ಕರಣವು ಅದನ್ನು ೦.೪ಕ್ಕೆ ಇಳಿಸಿತು. ಹಸುವೂ ಅದೇ, ಹುಲ್ಲೂ ಅದೇ. ಲೆಕ್ಕ ಮಾತ್ರ ಐದರಲ್ಲೊಂದಾಯಿತು. ಒಂದು ದೇಶವು ಹಳೆಯ ಅಂಕಿಯಿಂದಲೂ ಇನ್ನೊಂದು ಹೊಸತರಿಂದಲೂ ಗಣಿಸಿದಾಗ ತೋರುವ ಅಂತರವು ದೇಶಗಳದಲ್ಲ, ಪುಸ್ತಕಗಳದು. ನ್ಯೂಜಿಲೆಂಡಂತೂ ತನ್ನ ನೆಲದಲ್ಲಿಯೇ ಅಳೆದು, ಗಂಜಲಕ್ಕೊಂದು ಸಗಣಿಗೊಂದು ಎಂದು ಬೇರೆ ಬೇರೆ ಗುಣಾಂಕಗಳನ್ನಿಟ್ಟುಕೊಂಡಿದೆ. ಗುಣಾಂಕವು ಹೇಳುವುದು ಸಾರಜನಕದ ತೂಕವನ್ನು. ವಾಯುವಿನ ತೂಕ ಬೇಕಾದರೆ ಅದನ್ನು ೪೪/೨೮ರಿಂದ ಗುಣಿಸಬೇಕು. ಇದನ್ನು ಮರೆತರೆ ಉತ್ತರವು ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಕುಗ್ಗುವುದು.

ಯಾವುದರಿಂದ ಭಾಗಿಸಬೇಕೆಂಬುದೂ ವಿಚಾರಾರ್ಹ. ೨೦೦೬ರ ಪಟ್ಟಿಗಳಂತೆ ಪಶ್ಚಿಮ ಯೂರೋಪಿನ ಕರೆಯುವ ಹಸುವಿನ ತೂಕ ೬೦೦ ಕಿಲೋಗ್ರಾಂ, ವರ್ಷದ ಹಾಲು ೬೦೦೦. ಭಾರತ ಉಪಖಂಡದ ಹಸುವಿನವು ೨೭೫ ಮತ್ತು ೯೦೦. ದೇಹತೂಕಕ್ಕೆ ತಕ್ಕಂತೆ ವಿಸರ್ಜಿಸುವ ಸಾರಜನಕವು ಇಬ್ಬಗೆಯ ಹಸುಗಳಲ್ಲಿಯೂ ಹೆಚ್ಚುಕಡಿಮೆ ಸಮ. ಆದಕಾರಣ ತಲೆಯೊಂದಕ್ಕೆ ಎಣಿಸಿದರೆ ನಮ್ಮ ಹಸುವಿನ ಸಾರಜನಕವು ಅರ್ಧಕ್ಕೂ ಕಡಿಮೆ. ಹಾಲಿನ ಸೇರೊಂದಕ್ಕೆ ಎಣಿಸಿದರೆ ಮೂರು ಮಡಿ. ಉಳುವ ಎತ್ತಿನ ದುಡಿಮೆಗಾಗಲಿ, ಒಲೆಗೆ ಒದಗುವ ಬೆರಣಿಗಾಗಲಿ ಹಾಲಿನ ಭಾಜಕದಲ್ಲಿ ಎಡೆಯೇ ಇಲ್ಲ.