ಸಾಲು ಉದ್ದವಾದರೆ ವೇಗ ಹೆಚ್ಚದು

ಗಿಗಾಬಿಟ್ ವೇಗದ ಈಥರ್‌ನೆಟ್ ಕೇಬಲ್ಲಿನೊಳಗೆ 1500 ಬೈಟ್‌ಗಳ ಒಂದು ದತ್ತಾಂಶದ ಪ್ಯಾಕೆಟ್ ಹೊರಟು ಮುಗಿಯಲು ಸುಮಾರು 12 ಮೈಕ್ರೊಸೆಕೆಂಡ್ ಸಾಕು. ಅಂದರೆ ಸೆಕೆಂಡಿಗೆ 80 ಸಾವಿರಕ್ಕೂ ಹೆಚ್ಚು ಪ್ಯಾಕೆಟ್‌ಗಳು. 64 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ 14 ಲಕ್ಷ 88 ಸಾವಿರ. ಕಂಪ್ಯೂಟರಿನ ಪ್ರೊಸೆಸರ್‌ಗೆ ಇದೊಂದೇ ಕೆಲಸವಲ್ಲ. ಪ್ರತಿ ಪ್ಯಾಕೆಟ್ಟಿಗೂ ಬಂದು ‘ಇದನ್ನು ಕಳಿಸು’ ಎಂದು ನೆಟ್‌ವರ್ಕ್ ಕಾರ್ಡಿಗೆ ಹೇಳಲು ಅದಕ್ಕೆ ಪುರುಸೊತ್ತಿಲ್ಲ. ಹಾಗೆಂದು ಅದು ಬರುವವರೆಗೆ ಕೇಬಲ್ ಖಾಲಿ ಬಿದ್ದಿರಲೂ ಬಾರದು. ಈ ಎರಡರ ನಡುವೆ ನಿಂತು ಹೊಂದಿಸುವ ತಂತ್ರಾಂಶವೇ ಡಿವೈಸ್ ಡ್ರೈವರ್. ಅದು ನಂಬಿರುವ ಉಪಾಯ ಕ್ಯೂ, ಅಂದರೆ ಸರದಿ ಸಾಲು.

ಈ ಸಾಲು ಇರುವುದು ಕಂಪ್ಯೂಟರಿನ ಮೆಮೊರಿಯಲ್ಲಿ. ಇಂಟೆಲ್ ಕಂಪನಿಯ ‘ಇ1000’ ಸರಣಿಯ ಗಿಗಾಬಿಟ್ ಕಾರ್ಡುಗಳನ್ನೇ ನೋಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅವುಗಳ ಡ್ರೈವರ್ 256 ಮನೆಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಒಂದೊಂದು ಮನೆ 16 ಬೈಟ್. ಮೊದಲ 8 ಬೈಟ್‌ಗಳಲ್ಲಿ, ಕಳಿಸಬೇಕಾದ ದತ್ತಾಂಶ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ. ನಂತರದ 2 ಬೈಟ್‌ಗಳಲ್ಲಿ ಅದರ ಉದ್ದ. ಉಳಿದವುಗಳಲ್ಲಿ ಏನು ಮಾಡಬೇಕೆಂಬ ಆದೇಶ, ಕೆಲಸ ಎಲ್ಲಿಗೆ ಬಂತೆಂಬ ಗುರುತು. ಇಂಥ ಒಂದೊಂದು ಮನೆಗೂ ಡಿಸ್ಕ್ರಿಪ್ಟರ್ ಎಂದು ಹೆಸರು. ಕೊನೆಯ ಮನೆ ದಾಟಿದರೆ ಮತ್ತೆ ಮೊದಲ ಮನೆಯೇ ಬರುವುದರಿಂದ ಇಡೀ ಪಟ್ಟಿಯನ್ನು ರಿಂಗ್ ಎನ್ನುತ್ತಾರೆ.

ರಿಂಗಿಗೆ ಒಂದು ತಲೆ, ಒಂದು ಬಾಲ. ಡ್ರೈವರ್ ಹೊಸ ಡಿಸ್ಕ್ರಿಪ್ಟರ್ ಬರೆದು ಬಾಲವನ್ನು ಮುಂದೆ ಸರಿಸುತ್ತದೆ. ಕಾರ್ಡು ತಲೆಯ ಕಡೆಯಿಂದ ಒಂದೊಂದನ್ನೇ ಓದಿ, ಪ್ರೊಸೆಸರ್‌ನ ಗೊಡವೆಯಿಲ್ಲದೆ ತಾನೇ ಮೆಮೊರಿಗೆ ಕೈಹಾಕಿ ದತ್ತಾಂಶ ಎತ್ತಿಕೊಳ್ಳುತ್ತದೆ. ಇದೇ ಡಿಎಂಎ. ಕೆಲಸ ಮುಗಿದೊಡನೆ ಆ ಮನೆಯಲ್ಲಿ ‘ಮುಗಿಯಿತು’ ಎಂಬ ಒಂದು ಬಿಟ್ ಬರೆಯುತ್ತದೆ. ಅದನ್ನು ಕಂಡ ಮೇಲಷ್ಟೇ ಡ್ರೈವರ್ ಆ ಮೆಮೊರಿಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬಹುದು. ಆತುರಪಟ್ಟು ಮೊದಲೇ ಬಿಟ್ಟುಕೊಟ್ಟರೆ, ಬೇರೆ ಯಾವುದೋ ಪ್ರೋಗ್ರಾಮಿನ ದತ್ತಾಂಶ ಕೇಬಲ್ ಹತ್ತಿ ಹೊರಟೀತು.

ಅಪಾಯ ಇನ್ನೊಂದು ಕಡೆಯಿಂದಲೂ ಇದೆ. ಇಂದಿನ ಅನೇಕ ಪ್ರೊಸೆಸರ್‌ಗಳು ವೇಗಕ್ಕಾಗಿ ಬರವಣಿಗೆಯ ಕ್ರಮವನ್ನು ತಾವೇ ಹಿಂದುಮುಂದು ಮಾಡುತ್ತವೆ. ಡಿಸ್ಕ್ರಿಪ್ಟರ್ ಪೂರ್ತಿ ಬರೆದಾಗುವ ಮುನ್ನವೇ ಬಾಲ ಸರಿದ ಸುದ್ದಿ ಕಾರ್ಡಿಗೆ ತಲುಪಿದರೆ, ಅದು ಹಳೆಯ ವಿಳಾಸವನ್ನೇ ಓದಿ ಕೆಡಿಸುತ್ತದೆ. ಅದಕ್ಕೇ ‘ಮೇಲಿನದೆಲ್ಲ ಮುಗಿಯದೆ ಮುಂದಿನದು ಬೇಡ’ ಎಂದು ಪ್ರೊಸೆಸರ್‌ಗೆ ಕಟ್ಟಪ್ಪಣೆ ಮಾಡುವ ಒಂದು ಆದೇಶ ಡ್ರೈವರ್‌ನಲ್ಲಿರುತ್ತದೆ. ಅದರ ಹೆಸರು ಮೆಮೊರಿ ಬ್ಯಾರಿಯರ್. ಆ ಒಂದು ಆದೇಶ ಬಿಟ್ಟುಹೋದರೂ ಡ್ರೈವರ್ ದಿನಗಟ್ಟಲೆ ಸರಿಯಾಗಿಯೇ ನಡೆಯಬಹುದು. ದಟ್ಟಣೆ ಹೆಚ್ಚಿದ ಯಾವುದೋ ಗಳಿಗೆಯಲ್ಲಿ ಕೈಕೊಡುತ್ತದೆ. ಇಂಥ ದೋಷ ಹಿಡಿಯುವುದು ಬಹಳ ಕಷ್ಟ.

ರಿಂಗ್ ತುಂಬಿದರೆ ಡ್ರೈವರ್ ‘ಇನ್ನು ಕಳಿಸಬೇಡಿ’ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳುತ್ತದೆ; ಮನೆಗಳು ಖಾಲಿಯಾದಾಗ ಮತ್ತೆ ಕರೆಯುತ್ತದೆ. ಕಾರ್ಡೇ ಮೌನವಾದರೆ? ಅದಕ್ಕೂ ಕಾವಲುಂಟು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡ್ ಕಾದು, ಸಾಲು ಅಲುಗಾಡದಿದ್ದರೆ ಕಾರ್ಡನ್ನು ಹೊಸದಾಗಿ ಶುರು ಮಾಡಿಸಲಾಗುತ್ತದೆ.

ಇದೆಲ್ಲ ಕಳಿಸುವ ಮಾತಾಯಿತು. ಬರುವ ಪ್ಯಾಕೆಟ್‌ಗಳ ಕಷ್ಟ ಬೇರೆ. ಪ್ಯಾಕೆಟ್ ಬಂದಾಗಲೆಲ್ಲ ಕಾರ್ಡು ಪ್ರೊಸೆಸರ್‌ನ ಕೆಲಸ ತಡೆದು ಎಚ್ಚರಿಸುವುದು ಹಳೆಯ ಪದ್ಧತಿ; ಆ ಎಚ್ಚರಿಕೆಗೆ ಇಂಟರಪ್ಟ್ ಎಂದು ಹೆಸರು. ಪ್ಯಾಕೆಟ್‌ಗಳ ಮಹಾಪೂರ ಬಂದಾಗ ಪ್ರೊಸೆಸರ್ ಬರೀ ಕರೆಗೆ ಓಗೊಡುತ್ತಲೇ ಉಳಿಯುತ್ತದೆ. ಬಂದ ಪ್ಯಾಕೆಟ್‌ಗಳನ್ನು ಸೇರಬೇಕಾದಲ್ಲಿಗೆ ಸೇರಿಸಲು ಸಮಯವೇ ಸಿಗುವುದಿಲ್ಲ. ದಣಿವರಿಯದ ದುಡಿಮೆ, ಫಲ ಮಾತ್ರ ಸೊನ್ನೆ. ಈ ಸ್ಥಿತಿಯನ್ನು 1996ರಲ್ಲಿ ಬಿಡಿಸಿ ತೋರಿಸಿ ಪರಿಹಾರ ಕೊಟ್ಟವರು ಸಂಶೋಧಕರಾದ ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್. ಮೊದಲ ಕರೆ ಬಂದೊಡನೆ ಪ್ರೊಸೆಸರ್ ಇಂಟರಪ್ಟನ್ನು ಬಂದ್ ಮಾಡಿ, ಸಾಲನ್ನು ತಾನೇ ಹೋಗಿ ನೋಡಿ, ಒಂದು ಮಿತಿಯಷ್ಟು ಪ್ಯಾಕೆಟ್ ತೆಗೆದುಕೊಂಡು ಬೇರೆ ಕೆಲಸಕ್ಕೂ ಎಡೆಕೊಡಬೇಕು ಎಂಬುದು ಅವರ ಪರಿಹಾರದ ತಿರುಳು. ಲಿನಕ್ಸ್‌ನ ‘ನಾಪಿ’ ಇದೇ ಜಾಡಿನಲ್ಲಿ ಬಂದ ವ್ಯವಸ್ಥೆ. ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್ ಅದರ ಮಿತಿ.

ಹಾಗಾದರೆ ಸಾಲು ಎಷ್ಟು ಉದ್ದವಿರಬೇಕು? ಮೆಮೊರಿ ಅಗ್ಗವಾದಂತೆ ತಯಾರಕರು ಸಾಲನ್ನು ಉದ್ದ ಮಾಡುತ್ತಲೇ ಹೋದರು; ಪ್ಯಾಕೆಟ್ ಕಳೆದುಹೋಗದಿದ್ದರೆ ಒಳ್ಳೆಯದೇ ಅಲ್ಲವೇ ಎಂಬ ಲೆಕ್ಕ. ಆದರೆ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳ ಸಾಲು ಎಷ್ಟು ಬೆಳೆದರೂ ಕಲ್ಲು ತಿರುಗುವ ವೇಗ ಹೆಚ್ಚುವುದಿಲ್ಲ; ಕೊನೆಯಲ್ಲಿ ಬಂದವರು ಕಾಯುವ ಹೊತ್ತು ಹೆಚ್ಚುತ್ತದೆ. 1500 ಬೈಟ್‌ಗಳ 256 ಪ್ಯಾಕೆಟ್‌ಗಳ ಸಾಲು ಗಿಗಾಬಿಟ್ ಕೊಂಡಿಯಲ್ಲಿ 3 ಮಿಲಿಸೆಕೆಂಡಿನಲ್ಲಿ ಕರಗುತ್ತದೆ. ಅದೇ ಸಾಲು 10 ಮೆಗಾಬಿಟ್ ಕೊಂಡಿಯಲ್ಲಿ ಕರಗಲು 300 ಮಿಲಿಸೆಕೆಂಡ್, 1 ಮೆಗಾಬಿಟ್‌ನಲ್ಲಿ 3 ಸೆಕೆಂಡ್! ಫೋನ್ ಮಾತುಕತೆ ಸಲೀಸಾಗಿರಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಮನೆಯಲ್ಲಿ ಒಬ್ಬರು ಮದುವೆಯ ವಿಡಿಯೊ ಅಪ್‌ಲೋಡ್ ಮಾಡಹೊರಟಾಗ ಇನ್ನೊಬ್ಬರ ವಿಡಿಯೊ ಕಾಲ್ ತೊದಲುವುದಕ್ಕೆ ಬಹಳ ಸಲ ಇದೇ ಕಾರಣ.

ಉದ್ದನೆಯ ಸಾಲು ಮತ್ತೊಂದು ಕೇಡನ್ನೂ ಮಾಡುತ್ತದೆ. ಇಂಟರ್‌ನೆಟ್ಟಿನಲ್ಲಿ ದತ್ತಾಂಶ ಸಾಗಿಸುವ ವ್ಯವಸ್ಥೆಯಾದ ಟಿಸಿಪಿ, ಪ್ಯಾಕೆಟ್ ಕಳೆದುಹೋದದ್ದನ್ನು ಕಂಡು ದಾರಿ ತುಂಬಿದೆ ಎಂದು ತಿಳಿದು ನಿಧಾನಿಸುತ್ತದೆ. ಸಾಲು ಎಲ್ಲವನ್ನೂ ನುಂಗಿಕೊಂಡರೆ ಆ ಸೂಚನೆ ತಡವಾಗುತ್ತದೆ. ಟಿಸಿಪಿ ಇನ್ನಷ್ಟು ತುರುಕುತ್ತದೆ. 2010ರಲ್ಲಿ ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಗುರುತಿಸಿ ‘ಬಫರ್‌ಬ್ಲೋಟ್’ ಎಂದು ಕರೆದರು. 2012ರಲ್ಲಿ ಎರಡು ಮದ್ದು ಬಂದವು. ಲಿನಕ್ಸ್ 3.3ರಲ್ಲಿ ಸೇರಿದ ‘ಬೈಟ್ ಕ್ಯೂ ಲಿಮಿಟ್ಸ್’, ರಿಂಗಿನಲ್ಲಿರುವ ಪ್ಯಾಕೆಟ್‌ಗಳ ಬದಲು ಬೈಟ್‌ಗಳನ್ನು ಎಣಿಸಿ, ಕಾರ್ಡು ಖಾಲಿ ಕೂರದಷ್ಟು ಮಾತ್ರ ಒಳಗೆ ಬಿಡುತ್ತದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ ‘ಕೋಡೆಲ್’, ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡ್ ಕಾಲ ಸತತವಾಗಿ 5 ಮಿಲಿಸೆಕೆಂಡ್ ಮೀರಿದರೆ, ಬೇಕೆಂದೇ ಪ್ಯಾಕೆಟ್ ಬಿಸಾಡಿ ಕಳಿಸುವವರನ್ನು ಎಚ್ಚರಿಸುತ್ತದೆ.

ನಮ್ಮಲ್ಲಿ ಇಂಟರ್‌ನೆಟ್ ನಿಧಾನ ಎನ್ನಿಸಿದೊಡನೆ ಹೆಚ್ಚಿನ ಮೆಗಾಬಿಟ್‌ನ ಪ್ಲಾನ್ ಹಾಕಿಸುವುದು ರೂಢಿ. ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಸಂಪರ್ಕ ಸುಮ್ಮನಿರುವಾಗ ಪಿಂಗ್, ಅಂದರೆ ಒಂದು ಪ್ಯಾಕೆಟ್ ಹೋಗಿಬರುವ ಹೊತ್ತು, ಎಷ್ಟಿದೆ ನೋಡಿ. ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿರುವಾಗ ಇನ್ನೊಮ್ಮೆ ನೋಡಿ. ಇಪ್ಪತ್ತು ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಜಿಗಿದರೆ ಅದು ಸಾಲಿನ ರೋಗ. ಸಾಲು ನಿಭಾಯಿಸಬಲ್ಲ ರೌಟರ್ ಹಾಕಿಸಿದರೆ ಈಗಿರುವ ಪ್ಲಾನೇ ಸಾಕಾದೀತು.